ಮಾವನವರ ಪಿಂಡ ಮತ್ತು ಕಡಲ ಹಕ್ಕಿಗಳು

ಎಂಥ ಗದ್ದಲದಲ್ಲೂ ತಲೆ ತಣ್ಣಗಿಟ್ಟುಕೊಳ್ಳುವವನು ಎಂದು ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ಆಗ ನಾನು ಪುಣೆಯ ಒಂದು ಮರಾಠಿ ದಿನಪತ್ರಿಕೆಯಲ್ಲಿ ಉಪಸಂಪಾದಕ. ಕಾರ್ತೀಕದ ಒಂದು ಮುಂಜಾನೆ ಮುಠಾ ನದಿಯ ಮೇಲೆ ಬಿಳಿಯ ಹಕ್ಕಿಗಳ ಹಿಂಡೊಂದು ತೇಲುತ್ತಿತ್ತು. ಕೊಂಕಣದ ಕರಾವಳಿಯಲ್ಲಿ ಇರಬೇಕಾದ ಕಡಲ ಹಕ್ಕಿಗಳು ಘಟ್ಟ ಹತ್ತಿ ಬಂದಿದ್ದವು! ಕೂಡಲೇ ಸುದ್ದಿ ಬರೆದು ಸಂಪಾದಕರ ಮುಂದಿಟ್ಟೆ.

"ಕೊಕ್ಕು, ಕಾಲು ಯಾವ ಬಣ್ಣ?" ಎಂದು ಅವರು ಮರಾಠಿಯಲ್ಲಿ ಕೇಳಿದರು.

"ದೂರದಲ್ಲಿದ್ದವು."

"ಹಾಗಾದರೆ ಅವು ಕೊಕ್ಕರೆ. ಹತ್ತಿರದಿಂದ ನೋಡಿ ಬನ್ನಿ."

ಮರುದಿನವೇ ನನ್ನ ಮಾವನವರ ಹತ್ತನೇ ದಿನದ ಕರ್ಮ. ಅದೂ ಅದೇ ನದಿಯ ಮೆಟ್ಟಿಲ ಘಾಟಿನಲ್ಲಿ. ಒಂದೇ ಓಡಾಟಕ್ಕೆ ಎರಡು ಕೆಲಸ ಎಂದುಕೊಂಡು ಹಕ್ಕಿಗಳನ್ನು ಹತ್ತಿರ ಕರೆಯಲು ಒಂದು ಪೊಟ್ಟಣ ಕುರುಕಲು ಶೇವು ಕಿಸೆಗಿಳಿಸಿದೆ. ಹೆಂಡತಿ ಇಂದಿರಾ ಕಂಡಳು.

"ಅದೇನ್ರಿ ಕಿಸೆದಾಗ?"

"ಹಕ್ಕಿಗೆ."

"ಇವತ್ತೊಂದಿನ ಸುಮ್ಮನ ನಿಂದರ್ರಿ. ಅಪ್ಪ ಕಡೀತನಕಾ ನಿಮ್ಮ ಪೇಪರಿನ ನೌಕರಿಗೇ ಕೊರಗಿದ್ರು."

ಅದು ನಿಜ. ಮಾವನವರು ರೈಲ್ವೆಯ ಹೆಡ್ ಕ್ಲಾರ್ಕ್. ಅಳಿಯನೂ ಅಲ್ಲೇ ಸೇರಬೇಕೆಂಬುದು ಅವರ ಆಸೆ. ನನಗೋ ಪತ್ರಿಕೆಯೇ ಪ್ರಾಣ. ನಾನಿಲ್ಲದಿದ್ದರೆ ಅದು ಒಂದು ವಾರವೂ ನಡೆಯದೆಂದು ನಂಬಿದ್ದೆ.

ಘಾಟಿನಲ್ಲಿ ಮೈದುನ ಗೋಪಾಲ ಕಲ್ಲಿನ ಮೇಲೆ ಪಿಂಡವಿಟ್ಟ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದರ್ಥ; ಅದನ್ನು ಪೂರೈಸುತ್ತೇವೆಂದು ಬಂಧುಗಳು ಮಾತು ಕೊಡಬೇಕು. ಅರಳಿಮರದ ತುಂಬ ಕಾಗೆಗಳಿದ್ದವು. ಕೆಲಸ ಬೇಗ ಮುಗಿಯುತ್ತದೆಂದು ನಾನು ತುಸು ಆಚೆ ಸರಿದು, ನೀರಿಗೆ ಒಂದು ಹಿಡಿ ಶೇವು ಎಸೆದೆ.

ಹಕ್ಕಿಗಳು ಬಂದವು. ಕೊಕ್ಕು ಕೆಂಪು, ಕಾಲೂ ಕೆಂಪು. ಸುದ್ದಿ ಖಚಿತವಾಯಿತು.

ಆದರೆ ಅವು ಶೇವಿಗೆ ನಿಲ್ಲಲಿಲ್ಲ. ಕಿರುಚುತ್ತ ಘಾಟಿನ ಮೇಲೆಲ್ಲ ಸುತ್ತತೊಡಗಿದವು. ಕೆಳಗಿಳಿದ ಎರಡು ಕಾಗೆಗಳು ತಿರುಗಿ ಮರ ಹತ್ತಿದವು. ಒಂದು ಬಿಳಿ ಹಕ್ಕಿ ನೇರವಾಗಿ ಬಂದು ಪಿಂಡವನ್ನೇ ಕುಕ್ಕಿತು.

"ಇದ್ಯಾವ ಹಕ್ಕಿರೀ?" ಎಂದು ಕರ್ಮ ಮಾಡಿಸುತ್ತಿದ್ದ ಆಚಾರ್ಯರು ಗಾಬರಿಯಾದರು.

"ಕಡಲ ಹಕ್ಕಿರೀ. ಕಾಲು ನೋಡ್ರಿ, ಕೆಂಪಗದಾವ," ಎಂದೆ.

"ಕಾಲು ಕಟಗೊಂಡು ನಾ ಏನ್ಮಾಡ್ಲಿ? ಕಾಗಿ ಮುಟ್ಟಬೇಕು. ಗೋಪಾಳರಾವ್, ಬ್ಯಾರೆ ಪಿಂಡ ಇಡ್ರಿ."

ಬೇರೆ ಪಿಂಡ ಬಂತು. ಕಾಗೆ ಬರಲಿಲ್ಲ. ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಗೋಪಾಲ ಕೈಮುಗಿದ. ಕಾಗೆ ಬರಲಿಲ್ಲ. ಮಾವನವರ ತಮ್ಮ ರಾಘಪ್ಪ ಕಾಕಾ, "ಅಣ್ಣಾ, ಧಾರವಾಡದ ಮನಿ ಗ್ವಾಡಿ ತಕರಾರು ಬಿಟ್ಟೆ" ಎಂದರು. ಅಣ್ಣತಮ್ಮಂದಿರ ಎಷ್ಟೋ ವರ್ಷದ ಗೋಡೆಯ ವ್ಯಾಜ್ಯ ಅರೆಗಳಿಗೆಯಲ್ಲಿ ಮುಗಿಯಿತು. ಆದರೂ ಕಾಗೆ ಬರಲಿಲ್ಲ.

ಹಕ್ಕಿಗಳನ್ನು ದೂರ ಸೆಳೆಯೋಣವೆಂದು ನಾನು ಮೆಟ್ಟಿಲ ತುದಿಗೆ ಓಡಿ ಉಳಿದ ಶೇವನ್ನೆಲ್ಲ ನೀರಿಗೆ ಸುರುವಿದೆ. ನದಿಯ ಆಚೆ ದಂಡೆಯಲ್ಲಿ ತೆಪ್ಪಗಿದ್ದ ಇನ್ನೊಂದು ಹಿಂಡೂ ಎದ್ದು ಬಂತು.

ಹಿಂದಿರುಗಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನೋಡ್ರಿ," ಎಂದೆ, "ಕಾಗಿ ಬರವಲ್ದಂದ್ರ ಅದಕ್ಕ ಕಾರಣ ಈ ಹಕ್ಕಿ. ಇವನ್ನ ಕರದಾವ ನಾನು."

"ಅಳಿಯಂದಿರ, ಮಾತು ಹಾರಸಬ್ಯಾಡ್ರಿ," ಎಂದರು ಕಾಕಾ. "ಅಣ್ಣನ ಆಸೆ ಏನಿತ್ತು ನಿಮಗ ಗೊತ್ತದ. ಗೂಡ್ಸ್ ಆಫೀಸಿನಾಗ ಜಾಗಾ ಇನ್ನೂ ಖಾಲಿ ಅದ."

ಹಸಿ ಪಂಚೆಯಲ್ಲಿ ಗೋಪಾಲ ಗಡಗಡ ನಡುಗುತ್ತಿದ್ದ. ಆಚಾರ್ಯರು ಬಿಸಿಲು ನೋಡಿದರು. ನಾನು ಅತ್ತಿತ್ತ ತಿರುಗಿದೆ, ಕೆಮ್ಮಿದೆ, ಕೊನೆಗೆ ಕೈಮುಗಿದೆ. "ಆತ್ರಿ ಮಾವಾರ. ರೈಲ್ವೆಗೆ ಸೇರತೀನಿ."

ಅಷ್ಟರಲ್ಲಿ ನೀರಿನ ಮೇಲಿನ ಶೇವು ತೀರಿತು. ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹೊಳೆಯ ಗುಂಟ ಹಾರಿಹೋದವು. ಕಾಗೆ ಇಳಿದು ಪಿಂಡ ಮುಟ್ಟಿತು.

"ನೋಡಿದ್ರೇನು?" ಎಂದರು ಕಾಕಾ, ಕಣ್ಣೊರೆಸಿಕೊಳ್ಳುತ್ತ.

ಸಂಪಾದಕರು ಬಿಡುವುದಿಲ್ಲ ಎಂಬ ಒಂದೇ ಆಸೆ ಉಳಿದಿತ್ತು. ಮರುದಿನ ಅವರ ಮುಂದೆ ನಿಂತು, ಧ್ವನಿ ಆದಷ್ಟು ಭಾರ ಮಾಡಿ, ಕೆಲಸ ಬಿಡಬೇಕಾಗಿದೆ ಎಂದೆ. ಬೇಡವೆಂದರೆ ಏನು ಹೇಳಬೇಕೆಂದು ದಾರಿಯಲ್ಲೇ ಯೋಚಿಸಿಟ್ಟುಕೊಂಡಿದ್ದೆ. ಅವರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಬಹಳ ದಿನದಿಂದ ಈ ಮಾತನ್ನು ನಿಮಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ," ಎಂದರು.

ಆ ವಾರ ತೃಪ್ತಿ ಸಿಕ್ಕಿದ್ದು ಮಾವನವರೊಬ್ಬರಿಗೇ ಅಲ್ಲ.