ಕರೆಂಟು ತಿನ್ನದ ಡಿಸ್ಕು

ಕರೆಂಟಿನ ಮೀಟರನ್ನು ಕಂಡು ಬೈಯುವವರು ಊರು ತುಂಬಾ ಇದ್ದಾರೆ. ಮೀಟರಿಗೆ ಬುದ್ಧಿ ಹೇಳುವ ಮನುಷ್ಯ ಮಾತ್ರ ನಮ್ಮ ಮಾವ ಒಬ್ಬರೇ! ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ಪಡಸಾಲೆಯ ಗೋಡೆಯ ಮುಂದೆ ನಿಂತು, ಅಲ್ಲಿ ಮಿಣುಕುವ ಕೆಂಪು ದೀಪವನ್ನು ದಿಟ್ಟಿಸಿ, "ವಸಿ ನಿಧಾನುಕ್ಕೆ ಓಗಪ್ಪ" ಅನ್ನುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದವಳು. ಗಂಡನ ಅಪ್ಪನ ಬಗ್ಗೆ ಹೀಗೆಲ್ಲ ಬರೆಯಬಾರದು ಅಂತ ನನಗೂ ಗೊತ್ತು. ಆದರೆ ಒಂದು ಹಾರ್ಡ್ ಡಿಸ್ಕ್ ಕೊಳ್ಳುವುದಕ್ಕೆ ಜಿಲ್ಲೆಯ ಅರ್ಧ ತಾಲ್ಲೂಕುಗಳನ್ನು ಸುತ್ತಿಸಿದವರ ಬಗ್ಗೆ ಬಾಯಿ ಮುಚ್ಚಿಕೊಂಡಿರಲು ನಾನೇನು ಕಲ್ಲೇ?

ಇದು ಈಚೆಗೆ ಹಿಡಿದ ಹುಚ್ಚು. ಮಿಕ್ಸಿ ನಿಲ್ಲಿಸಿದರೆ ಸಾಲದು, ಪ್ಲಗ್ಗು ಕೀಳಬೇಕು. ಸುಮ್ಮನೆ ಸಿಕ್ಕಿಸಿದ್ದರೂ ಅದು ಒಳಗೊಳಗೇ ಕುಡಿಯುತ್ತಿರುತ್ತದಂತೆ. ಫ್ರಿಜ್ಜಿನ ಬಾಗಿಲು ತೆರೆಯುವ ಮೊದಲು ಏನು ಬೇಕು ಅಂತ ಯೋಚಿಸಿಕೊಂಡು ಬರಬೇಕು. ನಮ್ಮತ್ತೆ ಧಾರಾವಾಹಿ ನೋಡುವಾಗ ಜಾಹೀರಾತು ಬಂದರೆ ಸಾಕು, ಟೀವಿ ಆಫ್! ಮತ್ತೆ ಹಾಕುವಷ್ಟರಲ್ಲಿ ನಾಯಕಿ ಯಾಕೆ ಅಳುತ್ತಿದ್ದಾಳೆ ಅಂತ ಅತ್ತೆಗೆ ಗೊತ್ತಾಗುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಈಗ ಸರ್ಕಾರ ಮನೆಗಳಿಗೆ ಕರೆಂಟು ಬಿಟ್ಟಿ ಕೊಡುತ್ತದೆ. ಬಿಲ್ಲಿನಲ್ಲಿ ಸೊನ್ನೆ ಬರುತ್ತದೆ. ಉಳಿಸಿದ ಕರೆಂಟನ್ನು ಡಬ್ಬಿಗೆ ತುಂಬಿಡುತ್ತೀರಾ ಮಾವ ಅಂತ ಒಮ್ಮೆ ಕೇಳಿದೆ. ಅವರು ನನ್ನ ತಲೆಯ ಮೇಲಿನ ಫ್ಯಾನು ಆರಿಸಿ ಹೋದರು.

ಈಗ ನನ್ನ ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ರವಿಕೆಯ ತೋಳಿಗೆ, ಬೆನ್ನಿಗೆ ಹಾಕುವ ಕಸೂತಿಯ ಚಿತ್ರಗಳನ್ನು ನಾನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ. ಮೈಸೂರಿನ, ಶ್ರೀರಂಗಪಟ್ಟಣದ ಎಂಬ್ರಾಯ್ಡರಿ ಅಂಗಡಿಯವರು ಅವನ್ನು ಮಷೀನಿಗೆ ಹಾಕಿ ಹೊಲಿದುಕೊಡುತ್ತಾರೆ. ಮದುವೆ ಕಾಲ ಬಂತೆಂದರೆ ನನಗೆ ತಲೆ ಬಾಚಲೂ ಪುರಸೊತ್ತಿಲ್ಲ. ಈ ಮನೆಗೆ ಬಂದಾಗಿನಿಂದ ಬಿಡಿಸಿದ ಬಳ್ಳಿ, ಮಾವಿನಕಾಯಿ, ಗಿಳಿ, ನವಿಲು ಎಲ್ಲವೂ ಆ ಪೆಟ್ಟಿಗೆಯೊಳಗಿನ ಡಿಸ್ಕಿನಲ್ಲಿದ್ದವು. ಬೇರೆ ಕಡೆ ಇಟ್ಟಿರಲಿಲ್ಲವೇ ಅಂತ ನೀವು ಕೇಳಬಹುದು. ಕೇಳಬೇಡಿ, ನನಗೆ ಮೊದಲೇ ಸಿಟ್ಟು ಬಂದಿದೆ.

ನಮ್ಮದು ಪಾಂಡವಪುರದ ಮರಗೆಲಸದ ಮನೆ. ಆಯುಧಪೂಜೆ ನಮಗೆ ದೊಡ್ಡ ಹಬ್ಬ. ಉಳಿ, ಬಾಚಿ, ಗರಗಸ, ಕೀಸುಳಿ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಸಾಲಾಗಿ ಇಟ್ಟು ಗಂಧ ಕುಂಕುಮ ಹಚ್ಚುತ್ತೇವೆ. ಆ ದಿನ ನಾನು ಕಂಪ್ಯೂಟರಿನ ಪೆಟ್ಟಿಗೆಯನ್ನೂ ಒರೆಸಿ, ಮೇಲೊಂದು ಹೂವಿಟ್ಟು ಅಡುಗೆಮನೆಗೆ ಹೋದೆ. ಮಾವನಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ಲೆಕ್ಕದಲ್ಲಿ ಕೈಯಲ್ಲಿ ಹಿಡಿಯುವ ಕಾವಿಗೆ ಕುಂಕುಮ ಇಟ್ಟರೆ ಉಳಿಗೆ ಇಟ್ಟ ಹಾಗಾಗುವುದಿಲ್ಲ. ಕೆಲಸ ಮಾಡುವ ಭಾಗಕ್ಕೇ ಇಡಬೇಕು. ಸ್ಕ್ರೂಡ್ರೈವರ್ ತಂದು ಪೆಟ್ಟಿಗೆ ಬಿಚ್ಚಿದ್ದಾರೆ. ಒಳಗೆ ನೋಡಿದರೆ ಎಲ್ಲ ವಯರು, ಪ್ಲಾಸ್ಟಿಕ್ಕು. ಕಬ್ಬಿಣದ ಹಾಗೆ ಗಟ್ಟಿಯಾಗಿ, ತೂಕವಾಗಿ ಕಂಡದ್ದು ಹಾರ್ಡ್ ಡಿಸ್ಕ್ ಒಂದೇ. ಇದೇ ಆಯುಧ ಅಂತ ತೀರ್ಮಾನವಾಯಿತು! ಡಿಸ್ಕಿನ ಮೈಮೇಲೆ ಒಂದು ಪುಟ್ಟ ದುಂಡಗಿನ ತೂತು ಇರುತ್ತದೆ. ಅದರ ಪಕ್ಕದಲ್ಲೇ ಇಂಗ್ಲಿಷಿನಲ್ಲಿ, ಈ ತೂತನ್ನು ಮುಚ್ಚಬೇಡಿ ಅಂತ ಬರೆದಿರುತ್ತದೆ. ಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಬೊಟ್ಟು ಇಡುವುದಕ್ಕೆಂದೇ ಯಾರೋ ಜಾಗ ಮಾಡಿಟ್ಟಿದ್ದಾರೆ ಅಂದುಕೊಂಡು ನೀರಾದ ಗಂಧವನ್ನು ಅದರ ಮೇಲೇ ಧಾರಾಳವಾಗಿ ಮೆತ್ತಿ, ನಡುವೆ ಕುಂಕುಮ ಇಟ್ಟು, ಕೈಮುಗಿದು, ಪೆಟ್ಟಿಗೆ ಮುಚ್ಚಿಟ್ಟಿದ್ದಾರೆ.

ಹಬ್ಬ ಕಳೆದ ಮೇಲೆ ಕಂಪ್ಯೂಟರು ಕಟಕಟ ಅನ್ನತೊಡಗಿತು. ಶ್ರೀರಂಗಪಟ್ಟಣದಿಂದ ರಿಪೇರಿಯವನು ಬಂದ. ಪೆಟ್ಟಿಗೆ ಬಿಚ್ಚಿದವನು ಬಗ್ಗಿದ ತಲೆ ಎತ್ತಲೇ ಇಲ್ಲ. ಕೊನೆಗೆ, ಇದಕ್ಕೆ ಗಂಧ ಇಟ್ಟವರು ಯಾರು ಅಂತ ಬಹಳ ಮರ್ಯಾದೆಯಿಂದ ಕೇಳಿದ. ಡಿಸ್ಕು ಆ ತೂತಿನಿಂದಲೇ ಉಸಿರಾಡುತ್ತದಂತೆ. ಜೊತೆಗೆ ಗಂಧದ ನೀರು ಕೆಳಗಿನ ಬೋರ್ಡಿಗೂ ಇಳಿದಿತ್ತು. ಸದ್ಯ ಓಡುತ್ತಿದೆ, ಯಾವಾಗ ನಿಲ್ಲುತ್ತದೋ ಹೇಳಲಾರೆ, ಬೇಗ ಒಂದು ಹೊಸ ಡಿಸ್ಕ್ ತನ್ನಿ, ಇದು ಸಾಯುವ ಮೊದಲು ಎಲ್ಲವನ್ನೂ ಅದಕ್ಕೆ ತುಂಬಿಕೊಡುತ್ತೇನೆ ಅಂದ. ಯಾವ ಡಿಸ್ಕ್ ಅಂತ ಮಾವ ಕೇಳಿದರು. ಯಾವುದಾದರೂ ಆಗುತ್ತದೆ, ಕರೆಂಟು ಕಮ್ಮಿ ತಿನ್ನುವುದೂ ಇದೆ, ಜಾಸ್ತಿ ತಿನ್ನುವುದೂ ಇದೆ ಅಂದುಬಿಟ್ಟ ಪುಣ್ಯಾತ್ಮ! ಬೇರೆ ಯಾರ ಮುಂದೆಯಾದರೂ ಆ ಮಾತು ಆಡಬಾರದಿತ್ತೇ?

ನಾನು ಅವತ್ತೇ ಹೊರಡಲು ಚಪ್ಪಲಿ ಮೆಟ್ಟಿದ್ದೆ. ಮಾವ ಅಡ್ಡ ನಿಂತರು.

"ಇನ್ನೊಬ್ರು ಉಳಿ ಮುರುದ್ರೆ ಮುರ್ದೋನೇ ತಂದ್ಕೊಡ್ಬೇಕು ಕಣವ್ವ. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇಯ. ನೀ ತರ್ಬ್ಯಾಡ, ನಾ ತತ್ತೀನಿ."

ತಪ್ಪು ಒಪ್ಪಿಕೊಂಡರಲ್ಲ ಅಂತ ನಾನೂ ಕರಗಿದೆ. ಮರುದಿನ ಸಂಜೆಗೆ ಡಿಸ್ಕು ಮನೆಯಲ್ಲಿರುತ್ತದೆ ಅಂತ ನಂಬಿದೆ. ಎಂಥ ದಡ್ಡತನ!

ಮೊದಲು ಶ್ರೀರಂಗಪಟ್ಟಣ. ನಾನೂ ಜೊತೆಗೆ ಹೋದೆ. ಅಂಗಡಿಯವನು ಎಷ್ಟು ಜಿಬಿ ಬೇಕು ಅಂತ ಕೇಳಿದರೆ ಮಾವ, ಇದು ಎಷ್ಟು ಕರೆಂಟು ತಿನ್ನುತ್ತದೆ ಅಂತ ಕೇಳಿದರು. ಅವನ ವ್ಯಾಪಾರದ ಜೀವನದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಪಾಪ, ತಾಳ್ಮೆಯಿಂದ ಹೇಳಿದ: ಒಳಗೆ ತಟ್ಟೆ ತಿರುಗುತ್ತದೆ, ಜೋರಾಗಿ ತಿರುಗುವ ಡಿಸ್ಕಿಗೆ ಕರೆಂಟು ಜಾಸ್ತಿ, ನಿಧಾನಕ್ಕೆ ತಿರುಗುವುದಕ್ಕೆ ಕಮ್ಮಿ, ಆದರೆ ಎರಡಕ್ಕೂ ಇರುವ ವ್ಯತ್ಯಾಸ ಒಂದು ಜೀರೋ ಬಲ್ಬಿನಷ್ಟೂ ಇಲ್ಲ. ಜೀರೋ ಬಲ್ಬು ಅಂದರೆ ನಿನಗೆ ಅಷ್ಟು ಸದರವಾ ಅಂತ ಮಾವ ಅವನ ಮೇಲೇ ತಿರುಗಿಬಿದ್ದರು. ಆಮೇಲೆ ಎರಡು ಡಿಸ್ಕುಗಳನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದರು. ಹಲಸಿನ ಹಲಗೆಯನ್ನು ಪರೀಕ್ಷೆ ಮಾಡುವವರ ಹಾಗೆ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು. ಮೂಸಿಯೂ ನೋಡಿದರು! ಹಿಂದೆ ನಿಂತಿದ್ದ ಗಿರಾಕಿಗಳು ನಗುತ್ತಿದ್ದರು, ನಾನು ಎದುರಿನ ಬಸ್ ಸ್ಟ್ಯಾಂಡನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಾ ನಿಂತೆ. ಕೊನೆಗೆ ಮಾವ "ನೋಡಾನ" ಅಂದು ಹೊರಟರು. ನೋಡಾನ ಅನ್ನುವುದಕ್ಕೆ ಅವರ ನಿಘಂಟಿನಲ್ಲಿ ಇಲ್ಲ ಅಂತಲೇ ಅರ್ಥ.

ಆಮೇಲೆ ಯಾರೋ ಹೇಳಿದರಂತೆ, ಕೆಲಸ ಇಲ್ಲದಾಗ ತಾನಾಗಿ ಮಲಗಿಬಿಡುವ ಡಿಸ್ಕು ಇದೆ, ಕೆ.ಆರ್. ಪೇಟೆ ಕಡೆ ಶೀಳನೆರೆಯಲ್ಲಿರುವ ಮಾವನ ಷಡ್ಡಕರ ಮನೆಯಲ್ಲಿ ಅದನ್ನು ಹಾಕಿದ್ದಾರೆ ಅಂತ. ಕೊಳ್ಳುವ ಮೊದಲು ಕಣ್ಣಾರೆ ನೋಡಬೇಕಲ್ಲ! ಎರಡು ಬಸ್ಸು ಹತ್ತಿ ಇಳಿದು ಹೋದೆವು. ಅಲ್ಲಿ ಕಂಪ್ಯೂಟರು ಹಾಕಿದರು, ಎಲ್ಲರೂ ಕೈಕಟ್ಟಿ ಕೂತೆವು. ಸ್ವಲ್ಪ ಹೊತ್ತಿಗೆ ಡಿಸ್ಕಿನ ಗುಂಯ್ ಅನ್ನುವ ಸದ್ದು ಅಡಗಿತು. ಮಾವನ ಮುಖದಲ್ಲಿ ಆಗ ಬಂದ ಕಳೆಯನ್ನು ನನ್ನ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಯಾರೂ ಮಾತಾಡಬೇಡಿ ಅಂತ ತುಟಿಯ ಮೇಲೆ ಬೆರಳಿಟ್ಟರು. ತೊಟ್ಟಿಲ ಮಗುವನ್ನು ಕಾಯುವ ಹಾಗೆ ಮಧ್ಯಾಹ್ನವೆಲ್ಲ ಕೂತರು. ನನ್ನ ಮನೆಯಲ್ಲಿ ಅತ್ತ ಒಂದು ಡಿಸ್ಕು ಸಾಯುತ್ತಾ ಇದೆ, ಇತ್ತ ಮಾವ ಇನ್ನೊಂದು ಡಿಸ್ಕಿನ ನಿದ್ದೆ ಕಾಯುತ್ತಾ ಇದ್ದಾರೆ!

ಹೊರಡುವಾಗ ಷಡ್ಡಕರು ಕಂಪ್ಯೂಟರಿನ ಮೌಸ್ ಅಲ್ಲಾಡಿಸಿದರು. ಡಿಸ್ಕು ಕಿರ್ರ್ ಅಂತ ಎದ್ದಿತು. ಮಾವನ ಮುಖ ಅಲ್ಲೇ ಕಪ್ಪಿಟ್ಟಿತು. ಮೋಟರು ಯಾವುದೇ ಆಗಲಿ, ಓಡುವಾಗಿನದಕ್ಕಿಂತ ಏಳುವಾಗ ಜಾಸ್ತಿ ಎಳೆಯುತ್ತದಂತೆ. ಸಲಸಲಕ್ಕೂ ಮಲಗಿ ಎದ್ದರೆ ಉಳಿಸಿದ್ದೆಲ್ಲ ಏಳುವುದಕ್ಕೇ ಹೋಯಿತಲ್ಲ! ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಮಲಗುವ ಡಿಸ್ಕೂ ಬೇಡ, ಓಡುವ ಡಿಸ್ಕೂ ಬೇಡ ಅಂದರೆ ಸತ್ತ ಡಿಸ್ಕೇ ವಾಸಿ ಮಾವ, ಅದು ಏನೂ ತಿನ್ನುವುದಿಲ್ಲ, ನಮ್ಮ ಮನೆಯಲ್ಲೇ ಒಂದು ತಯಾರಾಗುತ್ತಿದೆ ಅಂದೆ. ಅವರು ಕಿಟಕಿಯ ಕಡೆ ತಿರುಗಿ, ಹಂಗೆಲ್ಲ ಅನ್ನಬಾರದು ಅಂತ ನನಗೇ ಬುದ್ಧಿ ಹೇಳಿದರು.

ಮೂರನೆಯದು ನಾಗಮಂಗಲ. ಆ ಕಡೆಯೇ ನಮ್ಮ ಮನೆದೇವರು. ಮಾವ ಅಂಗಡಿಗೆ ಹೋಗುವ ಮೊದಲು ಅಮ್ಮನ ಗುಡಿಗೆ ಕರೆದುಕೊಂಡು ಹೋದರು. ಕೈಮುಗಿದು ಬರುತ್ತಾರೆ ಅಂದುಕೊಂಡರೆ ಹೂವಿನ ಪ್ರಸಾದ ಕೇಳಲು ಕೂತರು! ಬಲಗಡೆ ಹೂವು ಬಿದ್ದರೆ ನಿಧಾನದ ಡಿಸ್ಕು, ಎಡಗಡೆ ಬಿದ್ದರೆ ಮಲಗುವ ಡಿಸ್ಕು. ಪೂಜಾರಿಯವರು ಯಾವುದೋ ಸಂಬಂಧದ ವಿಷಯ ಅಂದುಕೊಂಡು, ಎರಡೂ ಕಡೆಯವರ ಹೆಸರು ಹೇಳಿ ಅಂದರು. ಮಾವ ಹೇಳಿದ್ದನ್ನು ಕೇಳಿ ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬಹಳ ಹೊತ್ತಿನ ಮೇಲೆ ಹೂವು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನೆಟ್ಟಗೆ ಅಮ್ಮನ ಪಾದಕ್ಕೆ ಬಿತ್ತು. ಆ ತಾಯಿಗೂ ನನ್ನಷ್ಟೇ ಸಾಕಾಗಿತ್ತೋ ಏನೋ.

ಅಲ್ಲಿನ ಅಂಗಡಿಯವನು ಬುದ್ಧಿವಂತ. ಮಾವನ ಮಾತು ಪೂರ್ತಿ ಕೇಳಿ, ನಿಮಗೆ ಬೇಕಾದದ್ದು ಇದು ಅಂತ ಒಂದು ಎಸ್‌ಎಸ್‌ಡಿ ತೆಗೆದಿಟ್ಟ. ಒಳಗೆ ಬರೀ ಎಲೆಕ್ಟ್ರಾನಿಕ್ ಚಿಪ್ಪು, ತಟ್ಟೆ ಇಲ್ಲ, ಮೋಟರಿಲ್ಲ, ಸದ್ದಿಲ್ಲ, ಎಲ್ಲಕ್ಕಿಂತ ಕಮ್ಮಿ ಕರೆಂಟು. ನನಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು. ಮಾವ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಮೇಲೆ ಕೆಳಗೆ ಮಾಡಿದರು. ಅಲ್ಲಾಡಿಸಿ ಕಿವಿಗೆ ಹಿಡಿದರು. ನಮ್ಮ ಮನೆತನದಲ್ಲಿ ತೂಕ ಇಲ್ಲದ ಆಯುಧವನ್ನು ಯಾರೂ ಮುಟ್ಟಿಲ್ಲ.

"ಒಳ್ಗೆ ಏನೂ ತಿರ್ಗದೇ ಇದ್ರೆ ಕ್ಯಾಮೆ ಮಾಡದು ಯಾವ್ದ್ಲಾ? ಖಾಲಿ ಡಬ್ಬಿ ಮಾರ್ತಿದ್ದೀಯ" ಅಂತ ಅಂಗಡಿಯವನನ್ನೇ ಗದರಿಸಿ ಕೆಳಗಿಟ್ಟು ಹೊರಬಂದರು.

ಮನೆಗೆ ಬಂದು ಕಂಪ್ಯೂಟರು ಹಾಕಿದೆ. ಹೊಸಬರೊಬ್ಬರು ಮದುಮಗಳ ರವಿಕೆಗೆ ಕೇಳಿದ್ದ ಜೋಡಿ ನವಿಲು ತೆರೆಯಲೇ ಇಲ್ಲ. ಇನ್ನೊಂದು ತೆರೆದೆ, ಅದೂ ಇಲ್ಲ. ಕಟಕಟ, ಕಟಕಟ. ಆಗ ಬಂದ ಸಿಟ್ಟನ್ನು ಬರೆಯಲು ನನಗೆ ಬರುವುದಿಲ್ಲ. ಫ್ಯಾಕ್ಟರಿ ಪಾಳಿ ಮುಗಿಸಿ ಬಂದ ಗಂಡನಿಗೆ ಅನ್ನದ ಜೊತೆ ಅವರ ಅಪ್ಪನ ಪುರಾಣವನ್ನೂ ಬಡಿಸಿದೆ. ಅವರು ಅನ್ನ ಮಾತ್ರ ಊಟ ಮಾಡಿ ಎದ್ದರು. ಮರುದಿನ ಬೆಳಿಗ್ಗೆ ಮಾವ ಕೆಲಸಕ್ಕೆ ಹೋದದ್ದೇ ತಡ, ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಮಾವ ಖಾಲಿ ಡಬ್ಬಿ ಅಂದಿದ್ದರಲ್ಲ, ಅದನ್ನೇ ಕೊಂಡೆ. ರಿಪೇರಿಯವನು ಕೂತು ಹಳೆಯದರಿಂದ ಸಿಕ್ಕಷ್ಟನ್ನೂ ಹೊಸದಕ್ಕೆ ತುಂಬಿದ. ಬಳ್ಳಿ ಬಂತು, ಗಿಳಿ ಬಂತು, ಮಾವಿನಕಾಯಿ ಬಂತು. ನವಿಲುಗಳು ಬರಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಪೆಟ್ಟಿಗೆ ಜೋಡಿಸಿ, ಮೊದಲು ಮಾವನಿಗೆ ಮಂಗಳಾರತಿ ಮಾಡಬೇಕು ಅಂತ ನೇರ ಅವರ ಶೆಡ್ಡಿಗೆ ನಡೆದೆ. ಬೀದಿಯಾಚೆ ನಮ್ಮ ಹಳೆಯ ಮನೆಯಲ್ಲಿ ಅವರ ಕೆಲಸ. ನಮ್ಮ ಮೀಟರಿನಿಂದಲೇ ಅಲ್ಲಿಗೆ ವಯರು ಎಳೆದಿದೆ. ನಾನು ಆ ಕಡೆ ಹೋಗುವುದು ಅಪರೂಪ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಬಾಗಿಲಲ್ಲಿ ನಿಂತು ನೋಡಿದರೆ ಮಾವ ಬನಿಯನ್ನಿನಲ್ಲಿ, ಬೆವರಲ್ಲಿ ತೊಯ್ದು, ಒಂದು ದೊಡ್ಡ ಬಾಗಿಲ ಹಲಗೆಗೆ ಕೈಯಲ್ಲಿ ಕೀಸುಳಿ ಹೊಡೆಯುತ್ತಿದ್ದರು. ಎರಡು ಸಲ ತಳ್ಳುವುದು, ನಿಂತು ಸೊಂಟ ಹಿಡಿದುಕೊಳ್ಳುವುದು. ಮತ್ತೆ ತಳ್ಳುವುದು. ಮೂಲೆಯಲ್ಲಿ ಅವರ ಕರೆಂಟಿನ ಕೀಸುವ ಮಷೀನು ಗೋಣಿಚೀಲ ಹೊದ್ದು ಕೂತಿತ್ತು. ಅದರ ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಮಷೀನು ಕೆಟ್ಟಿದೆ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದರು. ನಾವು ನಂಬಿದ್ದೆವು.

ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. ರಿಪೇರಿ ಮಾಡಿಸಬಾರದಾ ಮಾವ, ಈ ವಯಸ್ಸಿನಲ್ಲಿ ಇದೇನು ಅಂತ ಕೇಳಿದೆ.

"ಕೆಟ್ಟಿಲ್ಲ ಕಣವ್ವ" ಅಂದರು. "ನಾ ಇಲ್ಲಿ ಸುಚ್ ಆಕುದ್ರೆ ಅಲ್ಲಿ ನಿನ್ ಪೆಟ್ಗೆ ಆರೋಯ್ತದೆ. ಒಂದ್ ಸತಿ ಬಾಗ್ಲಲ್ಲಿ ನಿಂತ್ಕಂಡು ನೋಡ್ದೆ. ನೀ ಬುಡುಸ್ತಿದ್ದುದ್ದು ಅರ್ಧುಕ್ಕೇ ಒಂಟೋಯ್ತು. ಯಾರ್ಗೂ ಏನೂ ಅನ್ನುಲಿಲ್ಲ ನೀನು. ಸೆರ್ಗಲ್ಲಿ ಕಣ್ಣೊರುಸ್ಕಂಡು ಮೊದ್ಲಿಂದ ಸುರು ಮಾಡ್ದೆ. ಅವತ್ತಿಂದ ನಾ ಇದುನ್ನ ಮುಟ್ಟಿಲ್ಲ."

ನನಗೆ ಮತ್ತೆ ಸಿಟ್ಟು ಬಂತು. ಎಂಥ ಸಿಟ್ಟು ಅಂತೀರಿ! ಒಂದು ಮಾತು ಹೇಳಬಾರದಿತ್ತೇ? ಇಷ್ಟು ದಿನ ಆ ಸೊಂಟ ಇಟ್ಟುಕೊಂಡು, ಮನೆಯವರಿಗೆಲ್ಲ ಸುಳ್ಳು ಹೇಳಿ, ಬಾಗಿಲುಗಟ್ಟಲೆ ಮರವನ್ನು ಕೈಯಲ್ಲಿ ಕೀಸುವುದೆಂದರೇನು? ಕೂಗಬೇಕೆಂದೇ ಬಾಯಿ ತೆರೆದೆ. ಹೊಸ ಡಿಸ್ಕ್ ಹಾಕಿಸಿಕೊಂಡು ಬಂದೆ ಮಾವ, ನಾಗಮಂಗಲದಲ್ಲಿ ನೋಡಿದೆವಲ್ಲ, ಅದೇ, ಅಂತ ಮಾತ್ರ ಹೇಳಿದೆ. ತಾನು ತಂದುಕೊಡಬೇಕಾದದ್ದನ್ನು ನಾನು ತಂದೆನೆಂದು ಅವರು ಮುನಿಸಿಕೊಳ್ಳಲಿಲ್ಲ. ಕೀಸುಳಿ ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಮುಖವನ್ನೇ ನೋಡಿದರು.

"ಅದು ಕಮ್ಮಿ ತಿಂತದಾ? ಅಂಗಾರೆ ನಾ ಈಗ ಸುಚ್ ಆಕ್ಬೋದಾ?"

ಮೂರು ಊರಿನಲ್ಲಿ ಅವರು ಕೇಳಿದ್ದು ಇದನ್ನೇ, ಮನೆಯಲ್ಲಿ ಫ್ಯಾನು, ಟೀವಿ ಆರಿಸುತ್ತಾ ಬಂದದ್ದೂ ಇದಕ್ಕೇ. ಡಿಸ್ಕು ತಿನ್ನುವ ಕರೆಂಟು ಆ ಮೋಟರಿನ ಮುಂದೆ ಯಾವ ಲೆಕ್ಕ? ಅದು ಕಮ್ಮಿಯಾದರೂ ಒಂದೇ, ಜಾಸ್ತಿಯಾದರೂ ಒಂದೇ, ಇಲ್ಲಿ ಮೋಟರು ಎದ್ದರೆ ಅಲ್ಲಿ ನನ್ನ ಕಂಪ್ಯೂಟರು ಮಲಗಲೇಬೇಕು. ಇದನ್ನು ಅವರಿಗೆ ಬಿಡಿಸಿ ಹೇಳುವುದು ನನ್ನಿಂದಾಗಲಿಲ್ಲ. ಹಾಕಿ ಮಾವ, ಧಾರಾಳವಾಗಿ ಹಾಕಿ, ನಾನು ಮನೆ ತಲುಪಿದ ಮೇಲೆ ಹಾಕಿ ಅಂದು ಬಿರಬಿರನೆ ಬೀದಿ ದಾಟಿದೆ. ಕೋಣೆಗೆ ಹೋಗಿ ಕಂಪ್ಯೂಟರನ್ನು ನಾನೇ ಆರಿಸಿ, ಪ್ಲಗ್ಗು ಕಿತ್ತು, ಕುರ್ಚಿಯಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಶೆಡ್ಡಿನಲ್ಲಿ ಮಷೀನು ಕೂಗಿತು. ಕೋಣೆಯ ದೀಪ ಒಮ್ಮೆ ಕುಗ್ಗಿ ಮೇಲೆದ್ದಿತು. ಮರವನ್ನು ಕೀಸುವ ಸದ್ದು ಒಂದೇ ಸಮನೆ ಬಂತು, ಆಮೇಲೆ ನಿಂತಿತು. ಮಾವ ಬೀದಿಗೆ ಬಂದು ಅಲ್ಲಿಂದಲೇ ಕೂಗಿ ಕೇಳಿದರು.

"ಆರೋಯ್ತೇನವ್ವ?"

ಕಪ್ಪಾಗಿದ್ದ ಪರದೆಯ ಮುಂದೆ ಕೂತು ನಾನು ಅಳುತ್ತಿದ್ದೆ.

"ಇಲ್ಲ ಮಾವ," ಅಂದೆ, "ಉರೀತಾನೇ ಅದೆ. ನೀವು ಕೆಲಸ ಮಾಡ್ಕಳಿ."