ಕಾರಿಗೆ ಜ್ವರ, ತಲೆಯ ಮೇಲೆ ತೊಟ್ಟಿಲು

ನಾನು ಹತ್ತಿದ ಗಾಡಿ ಕೆಡದೆ ಊರು ಮುಟ್ಟಿದ್ದು ಕಡಿಮೆ. ಮರಳುಗಾಡಿನಲ್ಲಿ ಜೀಪು ಕೆಟ್ಟು ಕೂತಿದ್ದೇನೆ, ಹಿಮದಲ್ಲಿ ಬಸ್ಸು ತಳ್ಳಿದ್ದೇನೆ. ಅಲ್ಲೆಲ್ಲ ಗಾಡಿ ಕೆಟ್ಟರೆ ಗಾಡಿಯವರ ಪಾಡು. ತಾಳವಾಡಿ ಬೆಟ್ಟದಲ್ಲಿ ಮಾತ್ರ ಅದು ಊರಿನವರ ಕೆಲಸ. ಗಾಡಿಯವರು ಪಕ್ಕದಲ್ಲಿ ನಿಂತು ನೋಡಬಹುದು, ಅಡ್ಡ ಬರಬಾರದು.

ಎರಡು ಸಾವಿರದ ಇಸವಿ ಕಳೆದ ಹೊಸತು. ಸುತ್ತಿ ಸುತ್ತಿ ಸಾಕಾಗಿ ಪಣಕಹಳ್ಳಿಯ ಒಂದು ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯೊಡತಿಗೆ ರಾಗಿ ಹೊಲ, ಎರಡು ಎಮ್ಮೆ, ಕೊರಳಲ್ಲಿ ಲಿಂಗ, ನಾಲಗೆಯಲ್ಲಿ ಖಾರ. ಊರಿನವರಂತೆ ನಾನೂ ಅವರನ್ನು ಅವ್ವ ಎನ್ನುತ್ತಿದ್ದೆ.

ಆಗ ಅವ್ವನ ತಲೆಯಲ್ಲಿದ್ದದ್ದು ಒಂದೇ, ತೊಟ್ಟಿಲು. ಬಸುರಿ ಮಗಳು ಘಾಟ್ ಹತ್ತುವುದು ಬೇಡ ಎಂದು ಡಾಕ್ಟರು ತಡೆದಿದ್ದರಿಂದ ಚೊಚ್ಚಲ ಹೆರಿಗೆ ತವರಿನಲ್ಲಿ ಆಗದೆ, ಕೆಳಗೆ ಸತ್ಯಮಂಗಲದ ಗಂಡನ ಮನೆಯಲ್ಲೇ ಆಗಿತ್ತು. ಬೀಗಿತಿ, ಅಂದರೆ ಮಗಳ ಅತ್ತೆ, ಬಂದುಹೋಗುವವರ ಕೈಲೆಲ್ಲ ಮಾತು ಕಳಿಸುತ್ತಿದ್ದರು: "ಬಾಣಂತನ ಅಂತೂ ಮಾಡ್ನಿಲ್ಲ. ತವರಿಂದ ಒಂದು ತೊಟ್ಟಿಲಾದ್ರೂ ಬತ್ತದೋ, ಅದ್ನೂ ನಾವೇ ಕೊಂಡ್ಕಬೇಕೋ?"

ಸೋಮವಾರ ನಾಮಕರಣ. ಮರದ ತೊಟ್ಟಿಲನ್ನು ಹತ್ತಿಸಿಕೊಳ್ಳಲು ಬಸ್ಸಿನ ಕಂಡಕ್ಟರ್ ಒಪ್ಪಲಿಲ್ಲ. ಘಾಟಿನ ಬಸ್ಸಿಗೆ ಅವ್ವನ ಹೊಟ್ಟೆಯೂ ಒಪ್ಪುತ್ತಿರಲಿಲ್ಲ. ಉಳಿದದ್ದು ನನ್ನ ಹಳೆಯ ಕೆಂಪು ಕಾರು. ಅದಕ್ಕೆ ಅದೇ ವಾರ ಜ್ವರ ಬಂತು.

೧. ದಿಷ್ಟಿ

ತಾಳವಾಡಿಯಿಂದ ವಾಪಸು ಬರುವಾಗ ಇಂಜಿನ್ನಿನ ಬಿಸಿ ತೋರಿಸುವ ಸೂಜಿ ಸರ್ರನೆ ಮೇಲೆದ್ದು, ಬಾನೆಟ್ಟಿನ ಸಂದಿಯಿಂದ ಹಬೆ ಹೊರಟಿತು. ಕಾರು ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಪಕ್ಕದ ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದವರೆಲ್ಲ ಸುತ್ತ ನಿಂತಿದ್ದರು.

"ನೀರಿಲ್ಲ ಕಣ," ಎಂದ ಒಬ್ಬ.

"ನೀರದ ಕಣ್ಲಾ, ಗಾಳಿ ಆಡ್ತಿಲ್ಲ," ಎಂದ ಇನ್ನೊಬ್ಬ.

"ಬಣ್ಣ ಕೆಂಪಲ್ವಾ, ಅದ್ಕೇ ಬ್ಯಾಗ ಕಾಯ್ತದ," ಎಂದ ಮೂರನೆಯವನು.

ಕೂಲಿಗೆ ಬಂದಿದ್ದ ಅಜ್ಜಿಯೊಬ್ಬರು ಅವರನ್ನೆಲ್ಲ ಸರಿಸಿ ಮುಂದೆ ಬಂದರು. ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈಯ ಹಿಂಬದಿಯಿಂದ ರೇಡಿಯೇಟರಿನ ಮೇಲಿನ ಕೊಳವೆ ಮುಟ್ಟಿದರು, ಆಮೇಲೆ ಕೆಳಗಿನದು. "ತಲ ಸುಡ್ತಾ ಅದ. ಕಾಲು ತಣ್ಣಗದ," ಎಂದರು.

ನಾನು ಬೆರಗಾದೆ. ಇಂಜಿನ್ನಿನ ಬಿಸಿನೀರನ್ನು ರೇಡಿಯೇಟರಿಗೆ ಬಿಡಬೇಕಾದ ಪುಟ್ಟ ಬಾಗಿಲು, ಥರ್ಮೋಸ್ಟಾಟು, ಮುಚ್ಚಿಕೊಂಡೇ ಇದ್ದರೆ ಕಾಣುವ ಲಕ್ಷಣ ಇದೇ. "ಸರಿಯಾಗಿ ಹೇಳಿದಿರಿ ಅಜ್ಜಿ. ಹಾಗಾದರೆ ಏನಿದು?"

"ದಿಷ್ಟಿ ಕಣವ್ವ. ಯಾರೋ ಒಟ್ಟ ಉರ್ಕಂಡವ್ರ."

ಉಪ್ಪು, ಮೆಣಸಿನಕಾಯಿ ತರಿಸಿ ಬಾನೆಟ್ಟಿಗೆ ನಿವಾಳಿಸಿದರು. ಅಷ್ಟರಲ್ಲಿ ಇಂಜಿನ್ ತಾನಾಗಿ ತಣಿದಿತ್ತು. ಕೀಲಿ ತಿರುಗಿಸಿದೊಡನೆ ಹೊರಟಿತು. ಎಲ್ಲರೂ ನನ್ನ ಕಡೆ ನೋಡಿದ ರೀತಿಗೆ ನಾನು ತಲೆ ತಗ್ಗಿಸಬೇಕಾಯಿತು. ಆದರೆ ಹೊಲ ದಾಟುವ ಮೊದಲೇ ಮತ್ತೆ ಹಬೆ. ಹಿಂದಿನಿಂದ ಅಜ್ಜಿಯ ದನಿ ಬಂತು: "ಅಲ್ಲಿ ಇನ್ಯಾರೋ ನೋಡ್ಬುಟ್ರು ಕಣವ್ವ."

೨. ಬೇಯದ ಕಾಳು

ಹತ್ತಿರದ ಗೆಟ್ಟವಾಡಿಯ ಮೆಕ್ಯಾನಿಕ್ಕು ಟ್ರಾಕ್ಟರು, ಪಂಪ್‌ಸೆಟ್ಟುಗಳ ಡಾಕ್ಟರು. ಕಾರು ಅವನಿಗೆ ಅಪರೂಪ. ಆದರೂ ಕೊಳವೆ ಬಿಚ್ಚಿ ಒಳಗಿನಿಂದ ಸ್ಪ್ರಿಂಗು ಕಟ್ಟಿದ ಒಂದು ಹಿತ್ತಾಳೆಯ ಬಿಲ್ಲೆ ತೆಗೆದು ನನ್ನ ಕೈಗಿಟ್ಟ. "ನೀರು ಕಾದ್ರ ಈ ವಾಲ್ವು ತಾನೇ ಬಾಯ್ ಬುಡಬೇಕು ಮೇಡಂ. ಮನಲೇ ಒಂದ್ ಪಾತ್ರಲಿ ಆಕಿ ಬೇಯ್ಸಿ ನೋಡಿ. ಬಾಯ್ ಬುಡ್ನಿಲ್ಲ ಅಂದ್ರ ಸತ್ತೋಗದ ಅಂತ."

ಅವ್ವ ಪಾತ್ರೆ ಕೊಡಲಿಲ್ಲ. "ಪೂಜ ಮಾಡೋ ಮನ ಇದು. ಇಂಜಿನ್ ಎಂಜಲ ನನ್ ಪಾತ್ರಗ ಆಕ್ಬ್ಯಾಡ."

ನನ್ನ ಕಾಫಿ ಪಾತ್ರೆಯನ್ನೇ ಹಿತ್ತಲಲ್ಲಿ ಮೂರು ಕಲ್ಲಿನ ಮೇಲಿಟ್ಟೆ. ಕಾರಿನ ಬಿಡಿಭಾಗ ಬೇಯಿಸುತ್ತಿದ್ದಾಳೆ ಎಂಬ ಸುದ್ದಿಗೆ ಬೀದಿಯ ಹೆಂಗಸರೆಲ್ಲ ಬಂದರು. ನೀರು ಕುದಿಯಿತು, ಉಕ್ಕಿತು, ಅರ್ಧಕ್ಕೆ ಇಳಿಯಿತು. ಬಿಲ್ಲೆ ಬಾಯಿ ಬಿಡಲಿಲ್ಲ.

ಪಾತ್ರೆ ಕೊಡದ ಅವ್ವನೇ ಸೌದೆ ಕಡ್ಡಿಯಿಂದ ಅದನ್ನು ತಿವಿದು ನೋಡಿದರು. "ಕೆಟ್ಟಿದೆ ಅವ್ವ, ಹೊಸದೇ ತರಬೇಕು," ಎಂದೆ.

"ಕೆಡದೇನು ಬಂತು? ಅಳೇದು, ಅಷ್ಟೆ. ಅಳೇ ಅವರೆಕಾಳೂ ಇಂಗೇಯ. ಒಂಚೂರು ಸೋಡ ಆಕವ್ವ, ಬೇಯ್ತದ."

೩. ಕೂದಲು

ಹೊಸದಕ್ಕೆ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆ. ನಮ್ಮ ಕಡೆಯ ಮೆಕ್ಯಾನಿಕ್ಕರ ಪ್ರಕಾರ ಥರ್ಮೋಸ್ಟಾಟು ಚಳಿ ದೇಶದವರ ಶೋಕಿ. ಕಂಡ ಕೂಡಲೇ ಕಿತ್ತೆಸೆಯುವುದೇ ರೂಢಿ. ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅದನ್ನ ಎಲ್ರೂ ತೆಗಿಸ್ತಾರೆ ಮೇಡಂ. ನೀವು ಕೊಳ್ಳಕ್ಕೆ ಬಂದಿದೀರಾ?"

"ನಮ್ಮದು ಬೆಟ್ಟದ ಮೇಲೆ. ಬೆಳಿಗ್ಗೆ ಚಳಿ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗಲ್ಲ."

"ಬಿಸಿಯಾಗುತ್ತೆ ಅಂತಲೇ ಅಲ್ವಾ ಇಷ್ಟು ದೂರ ಬಂದಿದ್ದು?" ಎಂದರು. ಆದರೂ ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿ ಕೊಟ್ಟರು.

ಗೆಟ್ಟವಾಡಿಯಲ್ಲಿ ಹೊಸ ತೊಂದರೆ ಶುರುವಾಯಿತು. ಮೆಕ್ಯಾನಿಕ್ಕು ತನ್ನ ಜೀವಮಾನದಲ್ಲಿ ಥರ್ಮೋಸ್ಟಾಟು ತೆಗೆದವನೇ ಹೊರತು ಹಾಕಿದವನಲ್ಲ. ತೆಗೆಯುವಾಗ ಯಾವ ಕಡೆಗಿತ್ತು ಎಂದು ನೋಡಿಕೊಂಡಿರಲಿಲ್ಲ, ನಾನೂ ನೋಡಿರಲಿಲ್ಲ.

"ಸ್ಪ್ರಿಂಗು ಮೇಲೆ ಬರುತ್ತೋ, ಕೆಳಗೋ?" ಎಂದೆ.

"ಮನುಸನಂಗೇಯ ಮೇಡಂ. ತಲ ಮ್ಯಾಕ, ಕಾಲು ಕೆಳಕ."

"ಇದರ ತಲೆ ಯಾವುದು?"

ಅವನು ಅದನ್ನು ಬೆಳಕಿಗೆ ಹಿಡಿದು ಎರಡೂ ಕಡೆ ತಿರುಗಿಸಿದ. ಸ್ಪ್ರಿಂಗಿನ ಸುರುಳಿ ಸವರಿ, "ಇದು ಕೂದ್ಲಂಗದ. ಕೂದ್ಲು ತಲ ಮ್ಯಾಲ ತಾನೆ ಇರಾದು?" ಎಂದ.

ಈ ವಾದಕ್ಕೆ ಎದುರು ವಾದ ಹೂಡಲು ನನ್ನ ದೇಶಸಂಚಾರವೆಲ್ಲ ಸಾಲದೆ, ಸ್ಪ್ರಿಂಗು ಮೇಲಾಗಿಯೇ ಕೂತಿತು.

೪. ಹೀಟರು

ಸೋಮವಾರ ಬೆಳಿಗ್ಗೆ ತೊಟ್ಟಿಲನ್ನು ಕಾರಿನ ಮೇಲೆ ಬೋರಲು ಕಟ್ಟಿ ಹೊರಟೆವು. ಅವ್ವ ಹೊಸ ಸೀರೆ ಉಟ್ಟು, ಮೇಲೆ ಉಣ್ಣೆಯ ಶಾಲು ಹೊದ್ದು ಮುಂದಿನ ಸೀಟಿನಲ್ಲಿ ಕೂತಿದ್ದರು. ಘಾಟ್ ಇಳಿಯುವ ಮೊದಲು ಸಿಗುವ ದಿಂಬಂ ಏರು ಹತ್ತಿ ಟೀ ಅಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ನಮ್ಮ ಬಾನೆಟ್ಟಿನ ಹಬೆ ಅಂಗಡಿಯ ಬಾಯ್ಲರಿನ ಹಬೆಯನ್ನು ಮೀರಿಸಿತ್ತು.

ಟೀ ಕುಡಿಯುತ್ತಿದ್ದ ಲಾರಿ ಡ್ರೈವರೊಬ್ಬರು ಎಲ್ಲ ಕೇಳಿಸಿಕೊಂಡರು. "ಸ್ಪ್ರಿಂಗು ಇಂಜಿನ್ ಕಡೀಕೆ ಇರಬೇಕು ಮೇಡಂ. ಉಲ್ಟಾ ಆಕವ್ರೆ. ಇಲ್ಲಿ ಬಿಚ್ಚೋಕಾಗಲ್ಲ, ಸತ್ಯಮಂಗಲದಲ್ಲಿ ನೋಡ್ಕಳಿ. ತಣೀಲಿ, ನೀರು ತುಂಬ್ಸಿ. ಆಮೇಲೆ ಹೀಟರ್ ಪೂರಾ ಆನ್ ಮಾಡ್ಕಂಡು, ಗೇರಲ್ಲೇ ನಿಧಾನಕ್ಕೆ ಇಳೀರಿ. ಇಂಜಿನ್ ಬಿಸಿ ಸ್ವಲ್ಪ ಸೀಟಿನ ಕಡೆ ಬಂದ್ಬುಡ್ತದೆ."

"ಅದರ ಜ್ವರ ನಮಗ ಬರುಸ್ತೀರಾ?" ಎಂದರು ಅವ್ವ.

"ಬಸ್ಸಲ್ಲಿ ಹೋಗ್ತೀರಾ ಅವ್ವ?" ಎಂದೆ.

"ತೊಟ್ಟಿಲ ಬುಟ್ಟು ಎಂಗ ಓಗಲವ್ವ? ಆ ಬೀಗ್ತಿ ನನ್ನ ಬಾಗ್ಲಲ್ಲೇ ನಿಲ್ಲುಸ್ತಾಳ. ಆಕು ಅದೇನ್ ಆಕೀಯೋ."

ಹಾಕಿದೆ. ಕಿಟಕಿ ಇಳಿಸಿದರೆ ಅವ್ವನಿಗೆ ಕಿವಿನೋವು, ಹಾಗಾಗಿ ಅವರ ಕಡೆಯ ಗಾಜು ಮೇಲೇ ಇತ್ತು. ಮೊದಲು ಶಾಲು ಹೋಯಿತು. ಪಾದ ಸುಟ್ಟು ಚಪ್ಪಲಿಯೂ ಹೋಯಿತು. ಅರ್ಧ ಘಾಟ್ ಇಳಿಯುವಷ್ಟರಲ್ಲಿ ಹೊಸ ಸೀರೆ ಒಗೆದು ಹಿಂಡಿದ ಹಾಗಿತ್ತು.

"ವಾಂತಿ ಬರೋ ಹಾಗಿದೆಯಾ ಅವ್ವ?" ಎಂದು ಕೇಳಿದೆ.

"ಬರಕ ಒಳಗ ನೀರು ಉಳುದಿದ್ರ ತಾನೆ?"

೫. ತವರು

ಬೆಟ್ಟ ಇಳಿದ ಮೇಲೆ ಬಯಲು, ಬಿಸಿಲು. ಅಲ್ಲಿ ಹೀಟರೂ ಕೈಚೆಲ್ಲಿತು. ಬೀಗಿತಿಯ ಬೀದಿಗೆ ಇನ್ನೊಂದೇ ತಿರುವು ಇದೆ ಎನ್ನುವಾಗ ಕಾರು ನಿಂತೇಬಿಟ್ಟಿತು. ಕಾಯುವುದಕ್ಕೆ ಹೊತ್ತಿರಲಿಲ್ಲ. ತೊಟ್ಟಿಲು ಬಿಚ್ಚಿ, ಮುಂದಿನ ತುದಿ ಅವ್ವನ ತಲೆಯ ಮೇಲೆ, ಹಿಂದಿನದು ನನ್ನ ತಲೆಯ ಮೇಲೆ ಹೊತ್ತು ನಡೆದೆವು. ಅವ್ವನ ಚಪ್ಪಲಿ ಕಾರಿನಲ್ಲೇ ಉಳಿಯಿತು.

ಬೀಗಿತಿ ಹೊಸಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಎದುರಿಗೆ ಬರಿಗಾಲು, ಕೆಂಪಾದ ಮುಖ, ಅಡಿಯಿಂದ ಮುಡಿಯವರೆಗೆ ಬೆವರು.

"ಇದ್ಯಾಕಕ್ಕ ಇಂಗಾಗಿದ್ದೀರಿ? ಬಸ್ಸಲ್ಲಿ ಬರ್ನಿಲ್ವಾ?"

"ತೊಟ್ಟಿಲ ಬಸ್ಸಿಗ ಆಕಸ್ಕಳಲ್ಲ ಅಂದ್ಬುಟ್ರು ಕಣಕ್ಕ."

"ಮತ್ತ?"

"ಮತ್ತೇನು. ತಲ ಮ್ಯಾಲ ಒತ್ಕಂಡೊ."

ಬೀಗಿತಿಯ ಕೈ ಸೊಂಟದಿಂದ ಜಾರಿತು. "ಆ ಘಾಟಲ್ಲಾ?"

"ಏನೇಳನಕ್ಕ," ಎಂದರು ಅವ್ವ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ಒಂದೊಂದು ತಿರುವ್ನಲ್ಲೂ ಜೀವ ಓದಂಗಾಯ್ತು."

ಒಂದು ಮಾತೂ ಸುಳ್ಳಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಕೂತಿತು.

ಬೀಗಿತಿಯ ಕಣ್ಣು ತುಂಬಿತು. ಬಂದ ನೆಂಟರನ್ನೆಲ್ಲ ಕರೆದು, "ತವರು ಅಂದ್ರ ಇದು, ನೋಡ್ಕಳಿ," ಎಂದರು. ಅವ್ವನನ್ನು ಚಾಪೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು, ಬಿಸಿನೀರಲ್ಲಿ ಕಾಲು ತೊಳೆಸಿದರು, ಎಣ್ಣೆ ತಂದು ತಾವೇ ಒತ್ತಿದರು. ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವಾಗಲೂ ಅವ್ವ ಕುಂಟುತ್ತಲೇ ಎದ್ದು ಬಂದರು. ಯಾವ ಕಾಲು ಎಂಬುದು ಮಾತ್ರ ಆಗಾಗ ಬದಲಾಗುತ್ತಿತ್ತು.

ಊಟದ ಹೊತ್ತಿನಲ್ಲಿ ನಾನು ಮೆಲ್ಲಗೆ ಜಾರಿ ಅಲ್ಲಿಯ ಮೆಕ್ಯಾನಿಕ್ಕನ್ನು ಹುಡುಕಿದೆ. ಥರ್ಮೋಸ್ಟಾಟು ಕಿತ್ತೆಸೆಯಲು ಕೈಯೆತ್ತಿದವನನ್ನು ತಡೆದು, ತಿರುಗಿಸಿ ಹಾಕಿಸಿದೆ. ಸೂಜಿ ಮಧ್ಯಕ್ಕೆ ಬಂದು ತೆಪ್ಪಗೆ ನಿಂತಿತು. ಕಾರನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸೋಣವೆಂದು ನಾನಿದ್ದರೆ, ಆ ಪುಣ್ಯಾತ್ಮ ಓಡಿಸಿ ನೋಡುತ್ತೇನೆಂದು ನನ್ನನ್ನೂ ಕೂರಿಸಿಕೊಂಡು ಹೋಗಿ ಬೀಗಿತಿಯ ಬಾಗಿಲ ಮುಂದೆಯೇ ನಿಲ್ಲಿಸಿದ. ಇಳಿದು, ಅವ್ವನ ಚಪ್ಪಲಿ ಎತ್ತಿ ಹಿಡಿದು, "ಇದು ಯಾರ್ದು? ಸೀಟಿನ ಕೆಳಗಿತ್ತು," ಎಂದ.

ಬೀಗಿತಿ ಚಪ್ಪಲಿ ನೋಡಿದರು, ಕಾರು ನೋಡಿದರು, ತಮ್ಮ ಎಣ್ಣೆಯ ಕೈ ನೋಡಿಕೊಂಡರು. ನಾನು ಗೋಡೆ ನೋಡಿದೆ.

ಅವ್ವ ಅವಸರಪಡದೆ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. "ಓಗ್ವಾಗ ಕಾರಲ್ಲೇ ಓಯ್ತೀವಿ ಕಣಕ್ಕ," ಎಂದರು. "ಬಂದಂಗೇ ವಾಪಸ್ ಓಗಕ ನನ್ ಕೈಲಾಗಲ್ಲ."