ಚಿಗಳ್ಳಿ ಅಜ್ಜನ ಕಹಿ ಗುಳಿಗೆ

ಔಷಧದ ಗುಣ, ದೋಷ, ಪ್ರಮಾಣ ಎಲ್ಲ ಬಾಯಿಪಾಠ ಮಾಡಿದರೂ ನರ್ಸ್ ಆದವಳಿಗೆ ದಿನಕ್ಕೊಂದು ಪೇಚಾಟ ತಪ್ಪಿದ್ದಲ್ಲ. ನುಂಗುವವರು ನಮ್ಮ ಪಾಠ ಓದಿರುವುದಿಲ್ಲವಲ್ಲ!

ಅರವತ್ತರ ದಶಕದ ಆರಂಭ. ದಾಂಡೇಲಿಯ ಗಿರಣಿ ಕೆಲಸಗಾರರ ಮಗಳಾದ ನಾನು ಮುಂಡಗೋಡದ ಸಣ್ಣ ದವಾಖಾನೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಚಿಗಳ್ಳಿಯ ಅಜ್ಜನಿಗೆ ಮಲೇರಿಯಾ. ಜ್ವರ ಇಳಿಯದಿದ್ದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದರು ಡಾಕ್ಟರು. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ಅಜ್ಜಿ ಅತ್ತೇಬಿಟ್ಟಳು. ಕ್ವಿನೈನ್ ಗುಳಿಗೆ ಕೊಟ್ಟು, "ಊಟಾದ ಮ್ಯಾಲೆ ತಗೋರಿ" ಎಂದೆ.

೧. ಲಂಘನ

ಅಜ್ಜ ನಡುಗುತ್ತಲೇ ಮರಳಿ ಬಂದ. ಗುಳಿಗೆಯ ಪೊಟ್ಟಣ ಕೊಟ್ಟ ಹಾಗೇ ಇತ್ತು.

"ಯಾಕ ಅಜ್ಜಾರ, ನುಂಗಿಲ್ಲೇನು?"

"ಊಟಾದ ಮ್ಯಾಲೆ ಅಂದ್ರಲ್ಲಾ? ಜ್ವರ ಬಂದಾಗ ಊಟ ಯಾರು ಮಾಡ್ತಾರ? ಉಪಾಸ ಹಿಡದೀನಿ."

"ಗಂಜಿ ಕುಡದು ನುಂಗ್ರಿ" ಎಂದೆ.

ಅಜ್ಜನಿಗೆ ಸಿಟ್ಟು ಬಂತು. "ಗಂಜಿನೂ ಊಟ ಅಂತ ಮದಲ ಹೇಳಬಾರದೇನು?"

೨. ಕಿವಿ

ಗಂಜಿ ಕುಡಿದು ಗುಳಿಗೆ ತೆಗೆದುಕೊಂಡರೂ ಜ್ವರ ಜಗ್ಗಲಿಲ್ಲ. ಕ್ವಿನೈನ್ ಮೈಗೆ ಹತ್ತಿದರೆ ಕಿವಿ ಗುಂಯ್‌ಗುಡುವುದುಂಟು, ಕೇಳಿ ನೋಡು ಎಂದು ನಮ್ಮ ಹಿರಿಯ ಸಿಸ್ಟರ್ ಹೇಳಿದರು. ಕೇಳಿದೆ.

"ನನ್ನ ಕಿವಿ ಭೇಷ್ ಅದಾವು!" ಅಜ್ಜನಿಗೆ ಅವಮಾನವಾಗಿತ್ತು. "ಹಿತ್ತಲದಾಗ ಪಿಸುಗುಟ್ಟಿದ್ದೂ ಕೇಳತೈತಿ."

"ಹೌದ್ರಿ, ಕೆಲಸ ಹೇಳಿದ್ದೊಂದ ಕೇಳೂದಿಲ್ಲ" ಎಂದಳು ಅಜ್ಜಿ.

೩. ಪ್ರಸಾದ

ಸಿಸ್ಟರ್ ನಗಲಿಲ್ಲ. "ಏನು ಕೊಟ್ಟಿ ಅನ್ನೂದು ಅರ್ಧ ಮಾತು. ಹೆಂಗ ತಗೊಂಡ್ರು ಅನ್ನೂದನ್ನ ಕೇಳು" ಎಂದರು. ಅಜ್ಜನನ್ನು ಹಾಗೇ ಕೇಳಿದೆ.

"ಹೆಂಗಂದ್ರ?" ಅಜ್ಜನಿಗೆ ಆಶ್ಚರ್ಯ. "ಲಿಂಗಪೂಜಿ ಮುಂದ ಇಟ್ಟು, ಕುಟ್ಟಿ ಪುಡಿ ಮಾಡಿ, ಮನಿಮಂದಿಗೆಲ್ಲಾ ಪ್ರಸಾದ ಕೊಟ್ಟು, ಉಳದದ್ದು ನಾ ತಗೋತೀನಿ. ದೇವರ ಮುಂದ ಇಟ್ಟದ್ದನ್ನ ಒಬ್ಬನ ತಿಂದ್ರ ಹೆಂಗ್ರಿ?"

ನನಗೆ ತಲೆ ತಿರುಗಿತು. ಜ್ವರವಿಲ್ಲದವರೆಲ್ಲ ಕ್ವಿನೈನ್ ತಿನ್ನುತ್ತಿದ್ದಾರೆ, ಜ್ವರವಿದ್ದವನಿಗೆ ಚಿಟಿಕೆ! ಬೇಡವೆಂದರೆ ಅಜ್ಜ ಕೇಳುವವನಲ್ಲ. ತುಸು ಯೋಚಿಸಿ ಹೇಳಿದೆ: "ಪೂಜಿಗೆ ಬೆಲ್ಲ ಇಡ್ರಿ. ಬೆಲ್ಲ ಎಲ್ಲಾರಿಗೂ ಹಂಚ್ರಿ. ಗುಳಿಗಿ ಮಾತ್ರ ನಿಮಗೊಬ್ಬರಿಗೆ."

ಅಜ್ಜ ಒಪ್ಪಿದ. ಮುಂದಿನ ಸಂತೆಯ ದಿನ ಅಜ್ಜಿಯೊಡನೆ ನಗುತ್ತ ಬಂದ. ಜ್ವರ ಬಿಟ್ಟಿತ್ತು, ಹುಬ್ಬಳ್ಳಿ ತಪ್ಪಿತ್ತು. ನನಗೆ ಅವನಿಗಿಂತ ಹೆಚ್ಚು ಖುಷಿ.

ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಪುಣ್ಯಾತಗಿತ್ತಿ, ಮನಿಮಂದಿನೆಲ್ಲಾ ಉಳಿಸಿದಿ ನೋಡವಾ!"

"ಜ್ವರ ಇದ್ದದ್ದು ಅಜ್ಜಾರಿಗೆ ಒಬ್ಬರಿಗೇ ಅಲ್ಲೇನು?"

"ಅವರದ್ದು ಇರ್ಲಿ. ಆ ಕಹಿ ನಮಗ ನುಂಗಾಕ ಆಗ್ತಿರಲಿಲ್ಲ, ಪ್ರಸಾದ ಅಂತ ಉಗುಳಾಕೂ ಬರ್ತಿರಲಿಲ್ಲ!"